ದೊಡ್ಡಪ್ಪ ಊಟಕ್ಕೆ ಕೂತ ಮೇಲೆ

ದೊಡ್ಡಮ್ಮನ ಹೊಟ್ಟೆಯ ಮೇಲೆ ಇನ್ಸುಲಿನ್ ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ ಕಲೆಗಳಿದ್ದವು. ಅವನ್ನು ನಾನೇ ನೋಡಿದ್ದೆನೋ, ಅಮ್ಮ ಹೇಳಿದ್ದನ್ನು ನೋಡಿದ್ದೆ ಅಂದುಕೊಂಡಿದ್ದೇನೋ, ಈಗ ಖಚಿತವಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಸಿಟ್ಟಿನ ಬಗ್ಗೆ ಅಂಥ ಅನುಮಾನವಿಲ್ಲ.

ಜಯನಗರದ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರ, ಒಂದೇ ಅಡುಗೆಮನೆ. ದೊಡ್ಡಪ್ಪ ಊಟಕ್ಕೆ ಕೂರದೆ ದೊಡ್ಡಮ್ಮ ಒಂದು ತುತ್ತು ಮುಟ್ಟುವಂತಿರಲಿಲ್ಲ. ಅವಳೇನು ಪೆದ್ದಿಯಲ್ಲ. ಯೂನಿವರ್ಸಿಟಿ ಸೇರಿದ ವರ್ಷ ನಾನು ಪೂಜೆಗೆ ಕೂರಲ್ಲ ಎಂದಾಗ ಮನೆಯವರೆಲ್ಲ ಬೈದರೆ, ಅವಳು, "ನಂಬಿಕೆ ಇಲ್ದಿದ್ರೆ ಬೇಡ ಬಿಡು. ಕೈ ಖಾಲಿ ಇದ್ಯಲ್ಲ, ಬಂದು ಕಾಯಿ ತುರಿ" ಅಂದಿದ್ದಳು. ಆ ಮನೆಯಲ್ಲಿ ನನ್ನ ಪ್ರಶ್ನೆಗಳಿಗೆ ಜಾಗ ಕೊಟ್ಟವಳು ಅವಳೊಬ್ಬಳೇ.

ಸೂಜಿ ಚುಚ್ಚಿಕೊಂಡ ಮೇಲೆ ತಡಮಾಡದೆ ಊಟ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಅವಳು, ದೊಡ್ಡಪ್ಪ "ಬಂದೆ" ಅಂದ ಮೇಲಷ್ಟೇ ಚುಚ್ಚಿಕೊಳ್ಳುತ್ತಿದ್ದಳು.

ಆ ಭಾನುವಾರ ಟಿವಿಯಲ್ಲಿ ಕ್ರಿಕೆಟ್. ದೊಡ್ಡಪ್ಪ "ಬಂದೆ ಕಣೇ" ಅಂದರು. ಅವಳು ಚುಚ್ಚಿಕೊಂಡಳು. ಅವರು ಏಳಲಿಲ್ಲ.

"ರೀ, ಸಾರು ಆರ್ತಿದೆ."

"ಎರಡೇ ಓವರ್ ಇರೋದು. ಸಾರೇನು ಎದ್ದು ಓಡ್ಹೋಗುತ್ತಾ?"

ಸೋಫಾದಲ್ಲಿದ್ದ ಚಿಕ್ಕಪ್ಪ ನಕ್ಕರು.

"ನೀನು ತಿನ್ನು ದೊಡ್ಡಮ್ಮ" ಅಂದೆ.

"ಹಸಿವು ನನ್ನ ಮಾತು ಕೇಳುತ್ತೆ ಕಣೋ. ನಿಮ್ಮ ದೊಡ್ಡಪ್ಪ ಕೇಳಲ್ಲ."

ಆಮೇಲೆ ಅವಳು ಇನ್ನೆಷ್ಟು ಸಲ ಕರೆದಳೋ ನೆನಪಿಲ್ಲ. ಅಡುಗೆಮನೆಯಿಂದ ಸದ್ದು ಬಂತು. ಶುಗರ್ ಇಳಿದು ತಲೆಸುತ್ತಿ, ಗ್ರೈಂಡರಿಗೆ ತಲೆ ಬಡಿದು ಬಿದ್ದಿದ್ದಳು. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತೀರಿಕೊಂಡಳು.

ವೈಕುಂಠ ಸಮಾರಾಧನೆಯ ದಿನ ದೊಡ್ಡಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು: "ಅವತ್ತು ಸಂಕಷ್ಟಿ ನೋಡಿ. ಶುಗರ್ ಇಟ್ಕೊಂಡು ಉಪವಾಸ ಬೇಡ ಅಂದೆ. ಕೇಳಬೇಕಲ್ಲ!"

"ವ್ರತದಲ್ಲೇ ಹೋದ್ರು. ಮುತ್ತೈದೆ ಸಾವು, ಪುಣ್ಯವಂತರು" ಎಂದರು ಬಂದವರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ.

ಅಮ್ಮನೂ ತಲೆಯಾಡಿಸಿದಳು. ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ಅದೇ ನಿಜವಾಯಿತು. ತಮ್ಮ ಎರಡು ಓವರಿನ ಸುಖಕ್ಕೆ ಅವಳ ಭಕ್ತಿಯನ್ನು ಹೊಣೆ ಮಾಡಿ ಎಲ್ಲರೂ ನೆಮ್ಮದಿಯಾಗಿ ಉಂಡರು. ಕೊನೆಗೆ ನನಗೇ ದಿಗಿಲಾಯಿತು: ಅವಳು ನಿಜಕ್ಕೂ ಉಪವಾಸವಿದ್ದಳೇ? ಆ ಸಾರು, ಆ ಮಾತು, ಎಲ್ಲ ನಾನು ಕಟ್ಟಿಕೊಂಡದ್ದೇ?

ಮೊನ್ನೆ ಆ ವರ್ಷದ ಪಂಚಾಂಗ ಹುಡುಕಿ ನೋಡಿದೆ. ಆ ಭಾನುವಾರ ಹುಣ್ಣಿಮೆಯ ಮರುದಿನ, ಪಾಡ್ಯ. ಸಂಕಷ್ಟಿ ಬಂದದ್ದು ಬುಧವಾರ. ಆ ಹೊತ್ತಿಗೆ ಬನಶಂಕರಿಯ ಚಿತಾಗಾರದಲ್ಲಿ ಅವಳ ದಹನ ಮುಗಿದಿತ್ತು.