ಜಾರುಬಂಡೆಯವಳು

ನನ್ನ ನಾದಿನಿ ಒಬ್ಬಳೇ ಕೂತು ಮೊಬೈಲ್ ಗೇಮ್ ಮಾಡುವವಳು. ಅವಳ ಆಫೀಸು ಎಂದರೆ ನಮ್ಮ ಊಟದ ಮೇಜಿನ ಒಂದು ತುದಿ, ಇನ್ನೊಂದು ತುದಿ ನನ್ನ ಮಗುವಿನದು. ಅವಳ ಗೇಮಿನ ಹೆಸರು ‘ಜಾರುಬಂಡೆ’. ಆ ಪದ ತನ್ನ ಗೇಮಿನ ಟ್ರೇಡ್‌ಮಾರ್ಕ್ ಎಂದು ದೊಡ್ಡ ಕಂಪನಿಯೊಂದು ತಕರಾರು ತೆಗೆದಂದಿನಿಂದ ಅವಳಿಗೆ ಕೂತಲ್ಲಿ ನಿಂತಲ್ಲಿ ಅದೇ ಮಾತು. ಗ್ಯಾಸಿನವನನ್ನೂ ಬಿಡುವುದಿಲ್ಲ: “ಜಾರುಬಂಡೆ ಅಂದ್ರೆ ನಿಮಗೇನು ನೆನಪಾಗುತ್ತಣ್ಣ?” “ಹರಿದ ಚಡ್ಡಿ ಕಣಮ್ಮ.” “ನೋಡಿ ಅತ್ತಿಗೆ, ಕಂಪನಿ ಹೆಸರು ಹೇಳಿದ್ನಾ?” ಎಂದವಳೇ ವಕೀಲರಿಗೆ ಫೋನು ಹಚ್ಚುತ್ತಾಳೆ. ಮಗುವನ್ನು ಪಾರ್ಕಿಗೆ ಕರೆದೊಯ್ದರೆ ಅಲ್ಲಿನ ಜಾರುಬಂಡೆಯನ್ನು ತಟ್ಟಿ, “ನಿಂಗೂ ನೋಟಿಸ್ ಬಂತಾ?” ಎಂದು ವಿಚಾರಿಸುತ್ತಾಳೆ. “ಹೆಸರು ಬದಲಾಯಿಸಿಬಿಡೇ, ತಲೆನೋವು ತಪ್ಪುತ್ತೆ” ಎಂದು ನನ್ನ ಗಂಡ ಹೇಳಿದರೆ, “ನಾಳೆ ಉಯ್ಯಾಲೆ ಅಂತಿಟ್ರೆ ಅದೂ ನಮ್ದೇ ಅಂತಾರೆ. ಆಮೇಲೆ ಎಲ್ಲಿಗೆ ಹೋಗಲಣ್ಣ?” ಎಂದು ಅವನ ಬಾಯಿ ಮುಚ್ಚಿಸುತ್ತಾಳೆ. ವ್ಯಾಜ್ಯ ತೀರುವವರೆಗೆ ಗೇಮನ್ನು ಆಪ್ ಸ್ಟೋರಿನಿಂದ ತೆಗೆದುಹಾಕಿದ್ದಾರೆ. ಈಗ ಅದನ್ನು ಹೊಸದಾಗಿ ಯಾರೂ ಇಳಿಸಿಕೊಳ್ಳುವಂತಿಲ್ಲ. ಆದರೂ ದಿನಾ ಬೆಳಿಗ್ಗೆ ಹಳೆಯವು, ಒಡೆದವು, ಬೇಡಿ ತಂದವು ಎಂದು ನಾನಾ ಫೋನುಗಳನ್ನು ಸಾಲಾಗಿ ಜೋಡಿಸಿ, ಒಂದೊಂದರಲ್ಲೂ ಆಡಿ, ಸಿಕ್ಕ ತಪ್ಪನ್ನು ತಿದ್ದುತ್ತಾಳೆ. ಇವತ್ತು ತಡೆಯಲಾರದೆ, “ಯಾರಿಗೋಸ್ಕರ ಕಣೇ ಇದೆಲ್ಲ?” ಎಂದೆ. ಅವಳು ತಲೆ ಎತ್ತಲಿಲ್ಲ. “ಗೇಮ್ ವಾಪಸ್ ಬಂದ ದಿನ ಯಾವ ಫೋನಲ್ಲಿ ಯಾವ ಮಗು ಆಡೋವಾಗ್ಲೂ ಅದು ನಡುವೆ ನಿಂತುಹೋಗಬಾರದು ಅತ್ತಿಗೆ” ಎಂದಳು. ಅಮ್ಮನಿಗೆ ಕರೆ ಮಾಡುವುದಿತ್ತು. ಆಮೇಲೆ ಮಾಡಿದರಾಯಿತು ಎಂದುಕೊಂಡು ನನ್ನ ಫೋನನ್ನೂ ಆ ಸಾಲಿನ ಕೊನೆಗಿಟ್ಟೆ.