ತೊಲೆಗೆ ತೂಗಿದ ಅಕಾರ್ಡಿಯನ್

ನಾಟಕ ಕಂಪನಿಯವನೊಬ್ಬ ಚಳ್ಳಕೆರೆಯಲ್ಲಿ ಮಾರಲಿಟ್ಟಿದ್ದ ಹಳೆಯ ಅಕಾರ್ಡಿಯನ್ನನ್ನು ತೋರಿಸಿ ವಾಪಸ್ ತರುತ್ತೇನೆಂದು ಬೇಡಿ ತಂದು, ಮೊಳಕಾಲ್ಮುರಿನಲ್ಲಿ ನೇಯ್ಗೆಯ ಜೊತೆಗೆ ಭಜನೆಯನ್ನೂ ಕಲಿಸುತ್ತಿದ್ದ ಮೇಷ್ಟ್ರ ಮುಂದಿಟ್ಟೆ.

“ಬೇಗ ನುಡಿಸಿ ನೋಡ್ರಿ, ಬ್ಯಾರೆಯವ್ರು ಕೊಂಡ್ಕೊಂಡಾರು.”

ಅವರು ನುಡಿಸಲೇ ಇಲ್ಲ. ಮಗ್ಗದ ಮೇಲಿನ ತೊಲೆಗೆ ಅದರ ಒಂದು ಬದಿಯನ್ನು ಕಟ್ಟಿ ನೇತುಹಾಕಿದರು.

“ಗಾಳಿ ತುಂಬೋ ಈ ತಿದಿ ತೂತಾಗಿದ್ರೆ ಸರ್ರನೆ ಬಿಚ್ಕಂತೈತೆ. ಗಟ್ಟಿ ಇದ್ರೆ ನಿಧಾನಕ್ಕೆ ಇಳೀತೈತೆ. ಸುಮ್ನೆ ಕುಂತ್ಕೋ.”

ಎಷ್ಟು ಹೊತ್ತಾದರೂ ಅದು ಬೆರಳಗಲಕ್ಕಿಂತ ಹೆಚ್ಚು ಇಳಿಯಲಿಲ್ಲ. ನಾನು ಕೂತೆ, ಎದ್ದೆ, ಬಾಗಿಲಿಗೆ ಹೋಗಿ ಬಂದೆ. ಹಾಳಾದ್ದು ಇನ್ನೂ ಹಾಗೇ ತೂಗುತ್ತಿತ್ತು. ತಡೆಯಲಾರದೆ ಕೆಳಗಿನ ಬದಿಯನ್ನು ಹಿಡಿದು ಜಗ್ಗಿಬಿಟ್ಟೆ. ತಿದಿಯ ಮಡಿಕೆ ಪರ್ರನೆ ಹರಿಯಿತು.

ಮೇಷ್ಟ್ರು ಹರಿದ ಜಾಗವನ್ನು ಬೆರಳಿನಿಂದ ಸವರಿದರು.

“ಬಲು ಗಟ್ಟಿ ಇತ್ತಪ್ಪ,” ಎಂದರು. “ಇನ್ನು ಇದು ನಿಂದೇ.”