ಶಿವದಾರ ಕತ್ತರಿಸಿದ ಮಧ್ಯಾಹ್ನ

ಆ ಆಸ್ಪತ್ರೆಯ ಮೇಲೆ ನನಗೆ ಮೊದಲ ದಿನದಿಂದಲೇ ಸಿಟ್ಟು. ಮೆಡಿಕಲ್ ಕಾಲೇಜಿನ ಆಸ್ಪತ್ರೆ ಅದು. ನನ್ನ ಗಂಡನ ಎದೆ ಅಲ್ಲಿ ಎಲ್ಲರಿಗೂ ಪಾಠ. ದಿನಾ ಬೆಳಿಗ್ಗೆ ಪ್ರೊಫೆಸರರ ಹಿಂದೆ ವಿದ್ಯಾರ್ಥಿಗಳ ಹಿಂಡು ಬರುತ್ತಿತ್ತು. ಒಬ್ಬೊಬ್ಬರೂ ಸ್ಟೆತಸ್ಕೋಪ್ ಒತ್ತಿ, ಸೋತ ಹೃದಯದ ಸದ್ದು ಕೇಳಿ, ಚೆನ್ನೈಯ ಡಿಸೆಂಬರಿನ ಸಂಗೀತ ಕಚೇರಿಗೆ ಬಂದವರ ಹಾಗೆ ತಲೆಯಾಡಿಸುತ್ತಿದ್ದರು. ಇವರೋ ಮಹಾ ದಾನಿ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಎತ್ತಿ ಹಿಡಿದು ಅವರಿಗೆಲ್ಲ ಜಾಗ ಮಾಡಿಕೊಡುತ್ತಿದ್ದರು.

ಇಷ್ಟಲಿಂಗ ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಇದೆ, ನನ್ನ ಕೊರಳಲ್ಲೂ. ಬೆಳ್ಳಿ ಕರಡಿಗೆಯಲ್ಲಿಟ್ಟು ಶಿವದಾರದಿಂದ ಒಮ್ಮೆ ಕಟ್ಟಿಕೊಂಡರೆ ಜೀವ ಇರುವವರೆಗೆ ಅದು ಮೈ ಬಿಡಬಾರದು. ಬಿಟ್ಟರೆ ಬದುಕಿದ್ದೂ ಸತ್ತಂತೆ ಎನ್ನುವ ಹಿರಿಯರ ಮಾತನ್ನು ಇವರು ಕಾಯಿಲೆ ಬಿದ್ದ ಮೇಲೆ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ, ಚೆನ್ನೈಯ ಬೇಸಿಗೆಯಲ್ಲೂ ಅಳೆದು ಕೊಟ್ಟಷ್ಟೇ ನೀರು. ಹೃದಯ ಬದಲಿಸುವುದೊಂದೇ ದಾರಿ ಎಂದಾಗ ಇವರೇ ಒಪ್ಪಿ ಸಹಿ ಹಾಕಿದರು. ಆಗ ಲಿಂಗದ ಮಾತನ್ನು ಯಾರೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಹೃದಯ ಸಿಕ್ಕಿತು ಎಂದರು. ಅಪಘಾತದಲ್ಲಿ ಮಿದುಳು ಸತ್ತ ಯುವಕನೊಬ್ಬನ ಮನೆಯವರು ಕೊಡಲು ಒಪ್ಪಿದ್ದರು. ನರ್ಸ್ ಇವರ ಎದೆ ಬೋಳಿಸಿ, ಔಷಧ ಬಳಿದು, ಕರಡಿಗೆಗೆ ಕೈ ಹಾಕಿದಳು. ಇವರು ಬಿಡಲಿಲ್ಲ.

"ಇದನ್ನ ತಗದ್ರ... ನಾ... ಸತ್ತಂಗ. ಕೈಗೆ... ಕಟ್ರಿ."

ಎರಡೂ ಕೈಗೆ ಸೂಜಿ ಚುಚ್ಚಿತ್ತು. "ಅದೆಲ್ಲಾಂ ಮುಡಿಯಾದು ಸಾರ್," ಎಂದು ನರ್ಸ್ ತಮಿಳಿನಲ್ಲೇ ಆಗುವುದಿಲ್ಲವೆಂದಳು.

ಹುಬ್ಬಳ್ಳಿಯಿಂದ ಬಂದಿದ್ದ ಭಾವ, ಇವರ ಅಣ್ಣ, ನಡುವೆ ಬಾಯಿ ಹಾಕಿದರು. "ತಡಿ ತಂಗಿ, ಮಠಕ್ಕ ಫೋನ್ ಹಚ್ಚಿ ಅಯ್ಯಾವರನ್ನ ಒಂದ ಮಾತ ಕೇಳೂಣು." ಎಸ್‌ಟಿಡಿ ಬೂತಿಗೆ ಹೋಗಿ ಬಂದರು. "ಪೂಜಾಕ್ಕ ಕುಂತಾರಂತ. ಒಂದ ತಾಸ ಬಿಟ್ಟು ಮಾಡ್ರಿ ಅಂದ್ರು." ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ. ಅವರ ಮುಖಕ್ಕೆ ಬಾಗಿಲು ಹಾಕಬೇಕೆನಿಸಿತು.

ಅಷ್ಟರಲ್ಲಿ ಪ್ರೊಫೆಸರ್ ಬಂದರು. ಇವರು ಒಪ್ಪದಿದ್ದರೆ ಬೇಸರವಿಲ್ಲ, ಅದೇ ರಕ್ತದ ಗುಂಪಿನ ಇನ್ನೊಬ್ಬರನ್ನು ಪಕ್ಕದ ಕೋಣೆಯಲ್ಲಿ ಸಿದ್ಧವಾಗಿಟ್ಟಿದ್ದೇವೆ, ಹೃದಯ ಕಾಯುವುದಿಲ್ಲ ಎಂದರು. ನಾನು ಹೊರಗೆ ನೋಡಿದೆ. ಆ ಇನ್ನೊಬ್ಬರ ಹೆಂಡತಿ ಬಾಗಿಲ ಬಳಿ ಕೈಮುಗಿದು ಕೂತಿದ್ದಳು. ಏನು ಬೇಡುತ್ತಿದ್ದಾಳೆಂದು ನನಗೆ ಗೊತ್ತಿತ್ತು, ನಾನು ಬೇಡುತ್ತಿದ್ದದ್ದೂ ಅದೇ. ಅವಳನ್ನು ಕಂಡರೆ ಮೈಯೆಲ್ಲ ಉರಿಯಿತು.

ಟ್ರೇಯಲ್ಲಿದ್ದ ಕತ್ತರಿ ತೆಗೆದುಕೊಂಡು ಶಿವದಾರವನ್ನು ಕತ್ತರಿಸಿದೆ. ಇವರ ಬೆರಳು ಬಿಡಿಸಿ ಕರಡಿಗೆಯನ್ನು ಕಿತ್ತುಕೊಂಡು ನನ್ನ ಕೊರಳಿಗೆ ಕಟ್ಟಿಕೊಂಡೆ. ತಡೆಯಲು ಇವರು ಎತ್ತಿದ ಕೈ ಅರ್ಧಕ್ಕೇ ಬಿತ್ತು. ಬಲವಿಲ್ಲವೆಂದು ಗೊತ್ತಿದ್ದೇ ನಾನು ಮುಂದಾದದ್ದು. "ಹೋಗೋಣವೇ?" ಎಂದು ಪ್ರೊಫೆಸರ್ ಇವರನ್ನೇ ಕೇಳಿದರು. ಇವರು ನನ್ನತ್ತ ನೋಡದೆ ಹೂಂ ಎಂದರು. ತಪ್ಪು ಮಾಡಿದೆ ಎಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಇಲ್ಲ.

ಇವರು ಬದುಕಿದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ನನ್ನೊಡನೆ ಮಾತಿಲ್ಲ. ಬೇಕಾದದ್ದನ್ನು ಮಗಳಿಗೆ ಹೇಳುವರು. ಚೆನ್ನೈಯಲ್ಲೇ ಓದಿ ಬೆಳೆದ ಅವಳು "ಅಪ್ಪಾವುಕ್ಕು ತಣ್ಣಿ ವೇಣುಮಾಂ" ಎಂದು ತಮಿಳಿನಲ್ಲಿ ನನಗೆ ದಾಟಿಸುವಳು. ನಾನು ನೀರು ತಂದು ಟಪ್ಪೆಂದು ಇಡುತ್ತಿದ್ದೆ.

ಮನೆಗೆ ಕರೆತಂದ ದಿನ ಲಿಂಗವನ್ನು ಮತ್ತೆ ಕಟ್ಟಲು ಅಯ್ಯನವರು ಬಂದು ಕಾಯುತ್ತಿದ್ದರು. ವೇಲಚೇರಿಯ ನಮ್ಮ ಮನೆ ಎರಡನೆಯ ಮಹಡಿಯಲ್ಲಿ. ಇವರು ಎಲ್ಲೂ ನಿಲ್ಲದೆ ಹತ್ತಿದರು. ಹೊಸ್ತಿಲಲ್ಲಿ ತಿರುಗಿ, ತೆಗೆಯಲೇಬಾರದೆಂದು ಡಾಕ್ಟರು ಹೇಳಿದ್ದ ಮಾಸ್ಕನ್ನು ಕೆಳಗೆಳೆದರು.

"ಯಾರನ್ನ ಕೇಳಿ ಕತ್ತರಿ ಹಚ್ಚಿದಿ? ನಿಮ್ಮಪ್ಪ ಕಟ್ಟಿದ್ನೇನ ಅದನ್ನ? ಸಾಯೂದಿದ್ರ ಸಾಯ್ತಿದ್ದೆ, ನಿನಗೇನ ಅಧಿಕಾರ ಇತ್ತು?"

ಎದುರುಮನೆಯ ಬಾಗಿಲು ತೆರೆಯಿತು. ಎರಡು ವರ್ಷದಿಂದ ಒಂದು ಮಾತನ್ನು ಉಸಿರೆಳೆಯದೆ ಮುಗಿಸಲಾರದವರು ಈಗ ನನ್ನ ತವರಿನ ಮೂರು ತಲೆಮಾರನ್ನು ಒಂದೇ ಉಸಿರಿಗೆ ಜಾಲಾಡುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಸಾಕ ಬಿಡೋ," ಎಂದು ಭಾವ ಅಡ್ಡ ಬಂದರು.

"ನೀವ ಸುಮ್ನಿರ್ರಿ," ಎಂದೆ. "ಇನ್ನೂ ಬೈಲಿ."